ಬೆಂಗಳೂರಿಂದ ಮಂಗಳೂರಿಗೆ: ಒಂದು ಗಂಟೆಯ ವಿಮಾನವೋ, ಒಂದು ರಾತ್ರಿಯ ಬಸ್ಸೋ, ಒಂದು ಹಗಲಿನ ರೈಲೋ?

ಒಂದು ಜುಲೈ ತಿಂಗಳಲ್ಲಿ ಅಮ್ಮನನ್ನು ಊರಿಗೆ ಬಿಟ್ಟು ಬರೋಣವೆಂದು ಸಂಜೆ ಆರೂವರೆಯ ವಿಮಾನಕ್ಕೆ ಟಿಕೆಟ್ ಮಾಡಿದ್ದೆ. ಜಯನಗರದ ಮನೆಗೆ ಬೀಗ ಹಾಕಿದ್ದು ಮಧ್ಯಾಹ್ನ 3:15ಕ್ಕೆ. ಮಂಗಳೂರಿನ ಕದ್ರಿಯ ಮನೆಯ ಗೇಟು ತೆಗೆದದ್ದು ರಾತ್ರಿ 10:50ಕ್ಕೆ. ಏಳು ಗಂಟೆ ಮೂವತ್ತೈದು ನಿಮಿಷ. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಒಂದು ಗಂಟೆಗೂ ಕಡಿಮೆ.

ಆ ಒಂದು ಗಂಟೆಯ ಬಗ್ಗೆ ಮಾತ್ರ ದೂರು ಹೇಳಿದರೆ ನಾಲಿಗೆ ಸುಟ್ಟೀತು. ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ದಾಸವಾಳದ ಕಡ್ಡಿಗಳನ್ನು ಮಗುವಿನ ಹಾಗೆ ಹಿಡಿದುಕೊಂಡು ಒಳಗೆ ಬಂದಿದ್ದಳು. ಮೇಲಿನ ಕಪಾಟಿನಲ್ಲಿ ಯಾರದೋ ಟ್ರಾಲಿಯ ಕೆಳಗೆ ಸಿಕ್ಕರೆ ಅದರ ಕಥೆ ಮುಗಿಯಿತು ಎಂದು ನಾನು ನೋಡುತ್ತಿರುವಾಗಲೇ ಗಗನಸಖಿ ಬಂದು, ಬಟ್ಟೆ ಒಣಗಿದ್ದನ್ನು ಮುಟ್ಟಿ ನೋಡಿ, ಒಂದು ಲೋಟ ನೀರು ತಂದು ಚಿಮುಕಿಸಿ, ಕಪಾಟಿನಲ್ಲಿ ಎಲ್ಲ ಸಾಮಾನಿನ ಮೇಲೆ ಆರಾಮವಾಗಿ ಮಲಗಿಸಿದಳು. ಇಳಿಯುವಾಗ ಕಿವಿ ನೋಯುತ್ತದೆಂದು ಅಮ್ಮ ಹೇಳಿದ್ದಕ್ಕೆ ಎರಡು ಪೆಪ್ಪರ್‌ಮಿಂಟ್ ಕೈಗಿತ್ತು, ಆಕಳಿಸುವ ಹಾಗೆ ಬಾಯಿ ತೆರೆದು ತೋರಿಸಿ ನಗಿಸಿದಳು. ಎರಡೂವರೆ ಗಂಟೆ ಸಿಡಿಮಿಡಿಗೊಂಡಿದ್ದ ಎಪ್ಪತ್ತು ಜನರನ್ನು ಇಬ್ಬರು ಹುಡುಗಿಯರು ಅರ್ಧ ಗಂಟೆಯಲ್ಲಿ ಸಮಾಧಾನ ಮಾಡಿದ್ದರು.

ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು: "ಆ ಹುಡುಗಿ ಬಂಗಾರ. ಆದರೆ ನಾನಿನ್ನು ಆ ಕುರ್ಚಿಯಲ್ಲಿ ಕೂರುವವಳಲ್ಲ ಮಾರಾಯ." ಕುರ್ಚಿ ಅಂದರೆ ವಿಮಾನದ್ದಲ್ಲ, ಗೇಟಿನ ಮುಂದೆ ಸಾಲಾಗಿರುವ ಸ್ಟೀಲ್ ಕುರ್ಚಿ.

ಅಂದಿನಿಂದ ಈ ದಾರಿಗೆ ಟಿಕೆಟ್ ಮಾಡುವಾಗ ನನ್ನ ಲೆಕ್ಕವೇ ಬದಲಾಗಿದೆ. ಮೊದಲು ನೋಡುವುದು ತಿಂಗಳು, ಆಮೇಲೆ ದಿನದ ಹೊತ್ತು. ವಿಮಾನವೋ ಬಸ್ಸೋ ರೈಲೋ ಎಂಬ ಪ್ರಶ್ನೆ ಮೂರನೆಯದು.

ಬಾಗಿಲಿಂದ ಬಾಗಿಲಿಗೆ ಎಷ್ಟು?

ಟಿಕೆಟ್ ಆ್ಯಪಿನಲ್ಲಿ "1 ಗಂಟೆ 5 ನಿಮಿಷ" ಎಂದಿರುತ್ತದೆ. ಅದು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ. ನೀವು ದೇವನಹಳ್ಳಿಯಲ್ಲಿ ವಾಸವಿಲ್ಲ, ಬಜ್ಪೆಯಲ್ಲಿ ನಿಮ್ಮ ಮನೆಯೂ ಇಲ್ಲ.

2008ರ ಮೇ ತನಕ ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವರಿಗೆ ಈ ಲೆಕ್ಕ ಬೇರೆಯೇ ಇತ್ತು. ಈಗಿನ ನಿಲ್ದಾಣ ಮೆಜೆಸ್ಟಿಕ್‌ನಿಂದಲೇ ಸುಮಾರು 35 ಕಿಲೋಮೀಟರ್. ಜಯನಗರ, ಬನಶಂಕರಿ, ಕೆಂಗೇರಿ ಕಡೆಯವರಿಗೆ ಇನ್ನೂ ದೂರ. ಸಂಜೆ ಹೊತ್ತು ಹೆಬ್ಬಾಳ ದಾಟುವುದೇ ಒಂದು ಅಧ್ಯಾಯ. ಲಗೇಜು ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು. ಹಾಗಾಗಿ ದಕ್ಷಿಣ ಬೆಂಗಳೂರಿನವರು ಒಂದು ಗಂಟೆಯ ಹಾರಾಟಕ್ಕೆ ಮೂರು ಗಂಟೆ ಮೊದಲು ಮನೆ ಬಿಡಬೇಕು. ಬಜ್ಪೆಯಲ್ಲಿ ಇಳಿದ ಮೇಲೆ ಬ್ಯಾಗಿಗೆ ಇಪ್ಪತ್ತು ನಿಮಿಷ, ಊರೊಳಗೆ ಬರಲು ಮುಕ್ಕಾಲು ಗಂಟೆ. ಎಲ್ಲವೂ ಗಡಿಯಾರದಂತೆ ನಡೆದರೆ ಐದು, ಐದೂಕಾಲು ಗಂಟೆ. ಯಲಹಂಕ, ಸಹಕಾರನಗರ ಕಡೆಯವರಾದರೆ ಇದರಲ್ಲಿ ಒಂದೂವರೆ ಗಂಟೆ ಕಳೆಯಿರಿ. ನನ್ನ ಮುಂದಿನ ಮಾತುಗಳನ್ನೂ ಅರ್ಧ ನಂಬಿದರೆ ಸಾಕು, ಏಕೆಂದರೆ ಆ ಭಾಗದವರಿಗೆ ವಿಮಾನ ನಿಜಕ್ಕೂ ಲಾಭ.

ಬಸ್ಸು ಶಿರಾಡಿ ಘಾಟಿಯಲ್ಲಿ ಸುಮಾರು 350 ಕಿಲೋಮೀಟರ್. ರಾತ್ರಿ ಏಳೂವರೆ, ಎಂಟು ಗಂಟೆಯ ಪಯಣ. ರಾತ್ರಿಯ ರೈಲು ಒಂಬತ್ತೂವರೆ ಗಂಟೆ ಆಸುಪಾಸು. ಹಗಲು ರೈಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ರಾತ್ರಿಯ ಎಂಟು ಗಂಟೆಯಲ್ಲಿ ಆರು ಗಂಟೆ ನಿದ್ದೆ. ಗೇಟಿನ ಮುಂದಿನ ಎರಡೂವರೆ ಗಂಟೆಯಲ್ಲಿ ನಿದ್ದೆಯೂ ಇಲ್ಲ, ಕೆಲಸವೂ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಗಂಟೆಗಳನ್ನು ಸುಮ್ಮನೆ ಕೂಡಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ತಡ ಎಲ್ಲಿಂದ ಹುಟ್ಟುತ್ತದೆ

ಆ ದಿನ ಬೋರ್ಡಿನಲ್ಲಿ ಮೊದಲು 6:30 ಇತ್ತು. ಆಮೇಲೆ 7:10. ಆಮೇಲೆ 7:45, ಜೊತೆಗೆ ಗೇಟ್ ಬದಲಾವಣೆ. ಅಮ್ಮ, ಕಡ್ಡಿ, ಎರಡು ಕೈಚೀಲ, ನಾನು, ಎಲ್ಲರೂ ಕೆಳಗಿನ ಬಸ್ ಗೇಟಿಗೆ ಇಳಿದೆವು. ಕೊನೆಗೆ ಗಾಲಿ ಕದಲಿದ್ದು 8:50ಕ್ಕೆ. ಕೌಂಟರಿನ ಹುಡುಗನನ್ನು ಕೇಳಿದಾಗಲೆಲ್ಲ ಸಿಕ್ಕಿದ್ದು ಒಂದೇ ಉತ್ತರ: "ಇನ್‌ಕಮಿಂಗ್ ಏರ್‌ಕ್ರಾಫ್ಟ್ ಲೇಟ್ ಸರ್." ನೆಪ ಎಂದುಕೊಂಡಿದ್ದೆ. ನೆಪವಲ್ಲ, ಅದೇ ನಿಜವಾದ ಕಾರಣ.

ಇಂಥ ಹತ್ತಿರದ ಊರುಗಳಿಗೆ ಓಡುವ ವಿಮಾನ ದಿನಕ್ಕೆ ಐದಾರು ಸಲ ಹಾರುತ್ತದೆ. ಒಂದೂರಲ್ಲಿ ಇಳಿದು ಅರ್ಧ ಗಂಟೆಯಲ್ಲಿ ಇನ್ನೊಂದೂರಿಗೆ. ನಮ್ಮ ಹಳ್ಳಿ ರೂಟಿನ ಸಿಟಿ ಬಸ್ಸಿನ ಹಾಗೇ. ಬೆಳಿಗ್ಗೆ ಎಲ್ಲೋ ಒಂದು ಕಡೆ ಇಪ್ಪತ್ತು ನಿಮಿಷ ಮಳೆಗೆ ನಿಂತರೆ ಮಧ್ಯಾಹ್ನಕ್ಕೆ ಅದು ನಲವತ್ತಾಗುತ್ತದೆ. ಸಂಜೆಗೆ ಕಿಕ್ಕಿರಿದ ನಿಲ್ದಾಣದಲ್ಲಿ ಇಳಿಯುವ ಸರದಿಗಾಗಿ ಸುತ್ತು ಹೊಡೆಯುವುದೂ ಸೇರಿ ಒಂದೂವರೆ ಗಂಟೆ. ಪೈಲಟ್‌ಗಳು ದಿನಕ್ಕೆ ಎಷ್ಟು ಹೊತ್ತು ಹಾರಿಸಬಹುದೆಂಬುದಕ್ಕೆ ಮಿತಿ ಇದೆ. ಆ ಮಿತಿ ಮುಗಿದರೆ ಬೇರೆ ಸಿಬ್ಬಂದಿ ಬರುವ ತನಕ ವಿಮಾನ ನಿಂತಲ್ಲೇ. ಸಂಜೆಯ ಪ್ರಯಾಣಿಕ ಇಡೀ ದಿನದ ಸಾಲ ತೀರಿಸುವವನು. ಅದಕ್ಕೇ ಬೆಳಿಗ್ಗೆಯ ಮೊದಲ ವಿಮಾನ ಉತ್ತಮ.

ವಿಮಾನಯಾನದ ಮೇಲುಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಡಿಜಿಸಿಎ ಪ್ರತಿ ತಿಂಗಳು ಯಾವ ಕಂಪನಿ ಎಷ್ಟರ ಮಟ್ಟಿಗೆ ಸಮಯಪಾಲಕ ಎಂಬ ಲೆಕ್ಕ ಹೊರಡಿಸುತ್ತದೆ. ಅದನ್ನು ನೋಡಿ ಟಿಕೆಟ್ ಮಾಡುವವರು ಎರಡು ವಿಷಯ ನೆನಪಿಡಬೇಕು. 15 ನಿಮಿಷದೊಳಗಿನ ತಡ ಅದರಲ್ಲಿ ತಡವೇ ಅಲ್ಲ. ಲೆಕ್ಕ ಹಿಡಿಯುವುದು ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳಲ್ಲಿ, ಬಜ್ಪೆಯಲ್ಲಿ ಅಲ್ಲ. ಅದಕ್ಕಿಂತ ನನ್ನ ಉಪಾಯ ಸರಳ: ಮನೆ ಬಿಡುವ ಮೊದಲು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ತೆರೆದು, ನಮ್ಮನ್ನು ಒಯ್ಯಬೇಕಾದ ವಿಮಾನ ಈಗ ಎಲ್ಲಿದೆ ಎಂದು ನೋಡುವುದು. ಅದಿನ್ನೂ ಬೇರೆ ಯಾವುದೋ ಊರಿನ ನೆಲದ ಮೇಲೆ ನಿಂತಿದ್ದರೆ ಸಾವಕಾಶವಾಗಿ ಚಹಾ ಕುಡಿಯಬಹುದು. ಆದರೆ ಅದನ್ನು ನಂಬಿ ಕೌಂಟರ್ ಮುಚ್ಚಿದ ಮೇಲೆ ಹೋದೀರಿ ಜೋಕೆ. ವಿಮಾನ ತಡವಾದರೂ ಕೌಂಟರಿನ ಗಡಿಯಾರ ಕೆಲವೊಮ್ಮೆ ಹಳೆಯ ಸಮಯಕ್ಕೇ ನಡೆಯುತ್ತದೆ.

ಇನ್ನು ಬಜ್ಪೆಯ ಕಡೆಯ ತೊಂದರೆ. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದು ಶುರುವಾದ ಈ ನಿಲ್ದಾಣ ಗುಡ್ಡದ ತಲೆ ಕಡಿದು ಮಾಡಿದ್ದು. 2,450 ಮೀಟರಿನ ಉದ್ದದ ರನ್‌ವೇ ಮುಗಿದಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಆ ಅಂಚು ದಾಟಿ ಬಿದ್ದು 158 ಜನ ಸತ್ತದ್ದನ್ನು ನಮ್ಮೂರಿನವರು ಯಾರೂ ಮರೆತಿಲ್ಲ. ಜೂನ್–ಜುಲೈಯಲ್ಲಿ ಮೋಡ ಗುಡ್ಡದ ಮೇಲೇ ಕೂತಿರುವಾಗ ಪೈಲಟ್ ಒಂದೆರಡು ಸುತ್ತು ಹೊಡೆದು, ಆಗುವುದಿಲ್ಲ ಎಂದು ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸಿದರೆ ಬೈಯಬೇಡಿ. ಕಣ್ಣೂರಿಗೆ ಹೋದರೆ ಅಲ್ಲಿಂದ ರಸ್ತೆಯಲ್ಲಿ ಮೂರ್ನಾಲ್ಕು ಗಂಟೆ. ಬೆಂಗಳೂರಿಗೆ ಮರಳಿದರೆ ಮತ್ತದೇ ಸ್ಟೀಲ್ ಕುರ್ಚಿ.

ಚಳಿಗಾಲದಲ್ಲಿ ತೊಂದರೆ ಈ ಕಡೆಗೆ ಬರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಬಯಲಲ್ಲಿ ಮಂಜು. ಬೆಳಿಗ್ಗೆಯ ಮೊದಲ ವಿಮಾನ ಉತ್ತಮ ಎಂಬ ಮಾತಿಗೆ ಆ ಆರೇಳು ವಾರ ಮಾತ್ರ ವಿನಾಯಿತಿ. ಆಗ ಒಂಬತ್ತೂವರೆ, ಹತ್ತರ ನಂತರದ್ದನ್ನು ಹುಡುಕಿ.

ಒಳಗಿನ ಉಪಚಾರಕ್ಕೆ ಬೆಲೆ ಎಷ್ಟು ಕೊಡಬೇಕು?

ಉಪಚಾರಕ್ಕೆಂದು ನಾಲ್ಕುನೂರು, ಐನೂರು ರೂಪಾಯಿ ಹೆಚ್ಚು ಕೊಟ್ಟು ಟಿಕೆಟ್ ಮಾಡುವವರನ್ನು ನಾನು ಬಲ್ಲೆ. ಈ ದಾರಿಯಲ್ಲಿ ಅದು ದಂಡ. ಮೇಲೇರುವುದಕ್ಕೆ ಕಾಲು ಗಂಟೆ, ಇಳಿಯುವುದಕ್ಕೆ ಕಾಲು ಗಂಟೆ, ನಡುವೆ ಸಿಬ್ಬಂದಿಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಗಾಡಿ ತಳ್ಳಿ, ಸ್ಯಾಂಡ್‌ವಿಚ್ ಕೊಟ್ಟು, ಖಾಲಿ ಡಬ್ಬಿ ಬಾಚಿ ಮುಗಿಸಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಕುಲುಕಾಟ ಶುರುವಾಗಿ ಬೆಲ್ಟಿನ ದೀಪ ಹತ್ತಿದರೆ ಬಿಸಿ ಕಾಫಿ ಸಿಗುವುದೇ ಇಲ್ಲ. ಮೊದಲೇ ಊಟ ಬುಕ್ ಮಾಡಿದ್ದರೆ ಅದನ್ನು ಮೊದಲು ಕೊಡುತ್ತಾರೆ, ನಿಜ. ಆದರೆ ಒಂದು ಗಂಟೆಯ ಬಳಿಕ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ ಕಾದಿರುವಾಗ ಯಾಕೆ ಬೇಕು ಹೇಳಿ.

ಒಳ್ಳೆಯ ಸಿಬ್ಬಂದಿ ನಿಜವಾಗಿ ಬೇಕಾಗುವುದು ಮೂರು ಬಗೆಯವರಿಗೆ: ಗಾಲಿಕುರ್ಚಿ ಬೇಕಾದ ಹಿರಿಯರು, ಕೂಸು ಹೊತ್ತ ತಾಯಂದಿರು, ಮೊದಲ ಸಲ ಹಾರುವವರು. ಈ ಗುಂಪಿನವರು ಜೊತೆಗಿದ್ದರೆ ವಿಮಾನದ ಪರವಾಗಿ ನಾನು ಒಂದು ಮತ ಹೆಚ್ಚು ಹಾಕುತ್ತೇನೆ. ಬಸ್ಸಿನ ಮೇಲಿನ ಬರ್ತಿಗೆ ಎಪ್ಪತ್ತು ದಾಟಿದವರನ್ನು ಹತ್ತಿಸಿ ನೋಡಿದವರಿಗೆ ಗೊತ್ತು. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ.

ವಿಮಾನ ಯಾವುದು ಎಂದೂ ನೋಡಿಕೊಳ್ಳಿ. ಈ ದಾರಿಯಲ್ಲಿ ಜೆಟ್ ಕೂಡ ಇದೆ, ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ 72 ಕೂಡ ಇದೆ. ಎಟಿಆರ್ ಎಂದರೆ ಮೂಗು ಮುರಿಯುವವರುಂಟು. ನನಗೇನೋ ಇಷ್ಟ. ಅದು ಜೆಟ್‌ನಷ್ಟು ಎತ್ತರಕ್ಕೆ ಹೋಗುವುದಿಲ್ಲ, ಬಿಸಿಲಿದ್ದ ದಿನ ಘಟ್ಟದ ಕಾಡು, ಅಲ್ಲಲ್ಲಿ ಕೆಂಪು ಮಣ್ಣಿನ ರಸ್ತೆ, ಆಮೇಲೆ ತೆಂಗಿನ ತೋಟ, ಎಲ್ಲ ಕೈಗೆಟುಕುವಂತೆ ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ಪಂಖದ ಸದ್ದು ಜೋರು. ಹಿಂದೆ ಕೂತರೆ ಸದ್ದೂ ಕಡಿಮೆ, ಬಾಗಿಲು ಹಿಂದೆಯೇ ಇರುವುದರಿಂದ ಇಳಿಯುವುದೂ ಮೊದಲು. ಕಪಾಟು ಮಾತ್ರ ಚಿಕ್ಕದು, ದೊಡ್ಡ ಟ್ರಾಲಿ ಒಳಗೆ ಹೋಗದು.

ಕಾಯಿಸಿದರೆ ಏನು ಕೇಳಬಹುದು

ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದವರೂ ಸಂಕೋಚಪಡುತ್ತಾರೆ. ಡಿಜಿಸಿಎ ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಸರಿಯಾಗಿ ಬಂದು ಚೆಕ್ ಇನ್ ಆದವರಿಗೆ ಕಂಪನಿಯೇ ತಿಂಡಿ, ಪಾನೀಯ ಕೊಡಬೇಕು. ಅಂದು ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ನಾನು ಹೋಗಿ ಮೆಲ್ಲಗೆ ನಿಯಮದ ಹೆಸರೆತ್ತಿದ ಐದು ನಿಮಿಷಕ್ಕೆ ಟ್ರಾಲಿ ಬಂತು. ಎಲ್ಲೋ ಒಳಗೆ ತಯಾರಾಗಿಯೇ ಇತ್ತು ಅಂತ ಕಾಣುತ್ತದೆ. ಪನೀರ್ ಸ್ಯಾಂಡ್‌ವಿಚ್, ಪುಟ್ಟ ಜ್ಯೂಸ್ ಪೊಟ್ಟಣ.

ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಆಯ್ಕೆ ನಿಮ್ಮದು. ರದ್ದಾದರೂ ಹಾಗೇ. ಆದರೆ ಪರಿಹಾರದ ಹಣ ಬೇರೆ ಮಾತು. ಕಾರಣ ಹವಾಮಾನವೋ ವಾಯುಸಂಚಾರ ನಿಯಂತ್ರಣವೋ ಆದರೆ ಅದು ಸಿಗುವುದಿಲ್ಲ, ಮತ್ತು ಮಳೆಗಾಲದಲ್ಲಿ ಎಲ್ಲ ತಡವೂ ಹವಾಮಾನದ ಲೆಕ್ಕಕ್ಕೇ ಹೋಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ರೈಲಿನದ್ದು ಇದಕ್ಕಿಂತ ನೇರ. ಹತ್ತುವ ನಿಲ್ದಾಣದಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ವಾಪಸು. ರೈಲು ಅಲ್ಲಿಂದ ಹೊರಡುವ ಮೊದಲು ಟಿಡಿಆರ್, ಅಂದರೆ ಹಣ ವಾಪಸು ಕೇಳುವ ಅರ್ಜಿ, ಹಾಕಬೇಕು ಅಷ್ಟೇ.

ಬಸ್ಸು

ನನ್ನ ಊರಿನವರಲ್ಲಿ ಹತ್ತಕ್ಕೆ ಎಂಟು ಜನ ಇಂದಿಗೂ ಬಸ್ಸಿನವರೇ. ಕಾರಣ ಬೆಲೆ ಒಂದೇ ಅಲ್ಲ. ರಾತ್ರಿ ಊಟ ಮುಗಿಸಿ ಮನೆ ಹತ್ತಿರವೇ ಹತ್ತಿ, ಬೆಳಿಗ್ಗೆ ಪಂಪ್‌ವೆಲ್‌ನಲ್ಲೋ ಜ್ಯೋತಿಯಲ್ಲೋ ಇಳಿದರೆ ಒಂದು ಇಡೀ ದಿನ ಕೈಯಲ್ಲಿರುತ್ತದೆ. ಕೆಎಸ್‌ಆರ್‌ಟಿಸಿಯ ಅಂಬಾರಿ, ಐರಾವತ, ಹವಾನಿಯಂತ್ರಣ ಬೇಡದವರಿಗೆ 2023ರಲ್ಲಿ ಬಂದ ಪಲ್ಲಕ್ಕಿ, ಇವಲ್ಲದೆ ಖಾಸಗಿಯವರು ಲೆಕ್ಕವಿಲ್ಲದಷ್ಟು. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನ ದರ ವಿಮಾನದ ಹೆಗಲಿಗೆ ಬಂದು ನಿಲ್ಲುತ್ತದೆ. ಆಗ ಸರ್ಕಾರಿ ಬಸ್ಸಿನ ಸೀಟು ಮೊದಲೇ ಹಿಡಿದವನೇ ಜಾಣ.

ತೊಂದರೆ ಎರಡು. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯದ ತನಕ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ನಡುವಿನ ಕೆಳಗಿನ ಬರ್ತ್ ಹಿಡಿಯಬೇಕು, ಚಕ್ರದ ಮೇಲಿನದ್ದು ಯಾರಿಗೂ ಬೇಡ. ಇನ್ನೊಂದು ಮಳೆ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಚಾರ್ಮಾಡಿಯತ್ತಲೋ ಮಡಿಕೇರಿ–ಸಂಪಾಜೆಯತ್ತಲೋ ತಿರುಗಬೇಕು, ಕಿರಿದಾದ ಚಾರ್ಮಾಡಿಗೆ ಭಾರಿ ವಾಹನ ಬಿಡುವುದು ಕಷ್ಟ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡವೇ ಕುಸಿದು ಸಂಪಾಜೆ ದಾರಿಯೂ ಮುಚ್ಚಿತ್ತು.

ರೈಲು

ಅವಸರವಿಲ್ಲದವರಿಗೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರು, 57 ಸುರಂಗ, ನಡುವೆ ರಸ್ತೆಯೇ ಇಲ್ಲದಂಥ ಯಡಕುಮರಿ. ಐವತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರು. ಹತ್ತಿ ಬರುವಾಗ ಹಿಂದಿನಿಂದ ತಳ್ಳಲು ಹೆಚ್ಚಿನ ಇಂಜಿನ್ ಕಟ್ಟುತ್ತಾರೆ. ರಾತ್ರಿಯ ಕಣ್ಣೂರು ಎಕ್ಸ್‌ಪ್ರೆಸ್ಸಿನಲ್ಲಿ ಇದೆಲ್ಲ ಕತ್ತಲಲ್ಲೇ ಕಳೆದುಹೋಗುತ್ತದೆ. ಯಶವಂತಪುರದಿಂದ ಬೆಳಿಗ್ಗೆ ಏಳಕ್ಕೆ ವಾರದಲ್ಲಿ ಮೂರು ದಿನ ಹೊರಡುವ ಹಗಲು ರೈಲು ಹಿಡಿಯಿರಿ. 2021ರ ಜುಲೈಯಲ್ಲಿ ಗಾಜಿನ ಸೂರಿನ ವಿಸ್ಟಾಡೋಮ್ ಬೋಗಿ ಬಂದದ್ದು ಈ ದಾರಿಗೇ. ಮಳೆಗಾಲದಲ್ಲಿ ಆ ಗಾಜಿನ ಮೇಲೆ ನೀರು ಹರಿಯುತ್ತಿರುವಾಗ ಫೋನ್ ಕೆಳಗಿಟ್ಟು ಕೂರುವವರನ್ನು ನೋಡಿದ್ದೇನೆ.

ಆದರೆ ಟಿಕೆಟ್ ಸಿಗಬೇಕಲ್ಲ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ವಾರಾಂತ್ಯದ್ದು ಬೇಗ ಖಾಲಿ. ಮಳೆಗಾಲದ ಅಪಾಯವೂ ಉಂಟು. 2024ರ ಜುಲೈ ಕೊನೆಗೆ ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ದಿನಗಟ್ಟಲೆ ರೈಲು ನಿಂತಿತ್ತು. ರದ್ದು ಮಾಡಿದರೆ ಸಾಮಾನ್ಯವಾಗಿ ಮನೆಯಲ್ಲಿರುವಾಗಲೇ ಸಂದೇಶ ಬರುತ್ತದೆ ಎಂಬುದೊಂದು ಸಮಾಧಾನ.

ಹಾಗಾದರೆ ಯಾವುದು?

ಒಂದೇ ದಿನದಲ್ಲಿ ಹೋಗಿ ಬರುವ ಕೆಲಸವಾದರೆ ವಿಮಾನ, ಹೋಗುವಾಗ ಬೆಳಿಗ್ಗೆಯ ಮೊದಲನೆಯದು. ಬರುವಾಗಿನದ್ದು ತಡವಾದರೆ ನಿದ್ದೆ ಕೆಡುತ್ತದೆ, ಕೆಲಸ ಕೆಡುವುದಿಲ್ಲ. ಕೋರ್ಟು, ಇಂಟರ್‌ವ್ಯೂ, ಮುಹೂರ್ತದಂಥ ತಪ್ಪಿಸಲಾಗದ ಸಮಯವಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವುದನ್ನೂ ಅದೇ ದಿನಕ್ಕೆ ನಂಬಬೇಡಿ, ಹಿಂದಿನ ದಿನವೇ ಊರು ಸೇರಿ. ಅಕ್ಟೋಬರ್‌ನಿಂದ ಮೇ ತನಕ ಒಂಟಿಯಾಗಿ ಹೋಗುವವರಿಗೆ ನನ್ನ ಓಟು ರಾತ್ರಿ ಬಸ್ಸಿಗೆ. ಗಲ್ಫಿನಿಂದ ಬೆಂಗಳೂರಿಗೆ ಬಂದು ಮಂಗಳೂರಿಗೆ ಮುಂದುವರಿಯುವವರು ಎರಡೂ ಹಾರಾಟಕ್ಕೆ ಒಂದೇ ಟಿಕೆಟ್ ಮಾಡಿ. ಬೇರೆ ಬೇರೆ ಮಾಡಿ ಮೊದಲನೆಯದು ತಡವಾದರೆ ಎರಡನೆಯ ಹಣ ಹೋದ ಹಾಗೇ. ಟರ್ಮಿನಲ್ ಕೂಡ ಬದಲಾಗಬಹುದು, 1 ಮತ್ತು 2ರ ನಡುವೆ ಶಟಲ್ ಬಸ್ ಇದೆ.

ಹಣದ ಲೆಕ್ಕ ಹಾಕುವಾಗ ಟ್ಯಾಕ್ಸಿ ಬಿಡಬೇಡಿ. ದಕ್ಷಿಣ ಬೆಂಗಳೂರಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಗೆ ಕೊಡುವ ಹಣಕ್ಕೆ ಊರಿಗೇ ಬಸ್ ಟಿಕೆಟ್ ಬರುತ್ತದೆ. ಬಿಎಂಟಿಸಿಯ ವಾಯುವಜ್ರ ಬಸ್ಸು ಇದ್ದೇ ಇದೆ, ಕಾಲು ಚಾಚಿ ಕೂತು ಹೋಗಬಹುದು.

ಹುಬ್ಬಳ್ಳಿ–ಧಾರವಾಡದವರು ಇದನ್ನೆಲ್ಲ ಓದಿ ನಗುತ್ತಿರಬಹುದು. 2023ರ ಜೂನ್ 27ರಿಂದ ಅವರಿಗೆ ವಂದೇ ಭಾರತ್ ಇದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರು. ನಮಗೆ ನಡುವೆ ಘಟ್ಟ ಇದೆಯಲ್ಲ.

ಅಮ್ಮನ ನಾಲ್ಕು ಕಡ್ಡಿಯಲ್ಲಿ ಮೂರು ಚಿಗುರಿ, ಒಂದು ಹೂವನ್ನೂ ಬಿಟ್ಟಿತು. "ಆ ವಿಮಾನದ ಹುಡುಗಿ ನೀರು ಹಾಕಿದ್ದಲ್ಲವಾ" ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಮುಂದಿನ ಸಲ ಬೆಂಗಳೂರಿಂದ ಹೊರಡುವುದಕ್ಕೆ ಮಾತ್ರ ಯಶವಂತಪುರದ ಹಗಲು ರೈಲಿನಲ್ಲಿ ಕಿಟಕಿ ಸೀಟು ಮಾಡಿಸಿಕೊಂಡಿದ್ದಾಳೆ. ಅವಳದ್ದು ಕನ್ಫರ್ಮ್ ಆಗಿದೆ. ನನ್ನದಿನ್ನೂ ವೈಟಿಂಗ್ ಲಿಸ್ಟ್ 4.